ನೀರಿನಲ್ಲಿ ತೊಳೆಯುವುದು ನಿಲ್ಲುತ್ತದೆ, ದರ ಸ್ವಲ್ಪ ಏರುತ್ತದೆ

ಆತ್ಮೀಯ ಗ್ರಾಹಕರೇ,

ಕರಿದ ಎಣ್ಣೆಯಿಂದ ಮಾಡುವ ನಮ್ಮ ಬಯೋಡೀಸೆಲ್ ಇಂಧನವನ್ನು ಮುಂದಿನ ತಿಂಗಳಿಂದ ನಾವು ನೀರಿನಲ್ಲಿ ತೊಳೆಯುವುದಿಲ್ಲ. ರೆಸಿನ್ (ಕಲ್ಮಶ ಹಿಡಿದಿಡುವ ಸಣ್ಣ ಮಣಿಗಳು) ತುಂಬಿದ ಕೊಳವೆಯಲ್ಲಿ ಹರಿಸಿ ಶುದ್ಧ ಮಾಡುತ್ತೇವೆ. ಅದರ ಜೊತೆ ದರವೂ ಸ್ವಲ್ಪ ಏರುತ್ತದೆ. ಬೇಸರ ಆಗುತ್ತದೆ ಅಂತ ಗೊತ್ತು, ಕ್ಷಮೆ ಇರಲಿ.

"ಕರಿದ ಎಣ್ಣೆ ಬಿಟ್ಟಿ ಸಿಗುತ್ತೆ, ಮತ್ತೆ ದರ ಯಾಕೆ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಿಟ್ಟಿ ಏನೂ ಸಿಗುವುದಿಲ್ಲ, ಆದರೂ ಎಣ್ಣೆಯ ಲೆಕ್ಕ ಬಿಡಿ. ಎಣ್ಣೆ ಇಂಧನ ಆಗಬೇಕಾದರೆ 100 ಲೀಟರಿಗೆ ಸುಮಾರು 20 ಲೀಟರ್ ಮೆಥನಾಲ್ ಅನ್ನುವ ಆಲ್ಕೋಹಾಲ್ ಹಾಕಬೇಕು. ಅದನ್ನು ಯಾರೂ ಸುಮ್ನೆ ಕೊಡುವುದಿಲ್ಲ. ಎಣ್ಣೆ ಹೆಚ್ಚು ಸಲ ಕಾದಷ್ಟೂ ಅದರಲ್ಲಿ ಆಮ್ಲ ಜಾಸ್ತಿ. ಆಮ್ಲ ಜಾಸ್ತಿಯಾದರೆ ಮೆಥನಾಲ್ ಜೊತೆ ಹಾಕುವ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾನೂ ಜಾಸ್ತಿ ಬೇಕು, ಇಂಧನ ಆಗಬೇಕಾದ ಎಣ್ಣೆ ಸೋಪಾಗುತ್ತದೆ. ಆ ಸೋಪನ್ನು ತೊಳೆದು ತೆಗೆಯಲು ನೀರು ಹಾಕಿದರೆ ಇಡೀ ಟ್ಯಾಂಕು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ನೀರು ಕೆಳಗಿಳಿಯಲಿ ಅಂತ ಕಾಯುತ್ತಾ ಕೂರಬೇಕು. ಹೀಗೆ ಒಂದಲ್ಲ, ಮೂರು ನಾಲ್ಕು ಸಲ. ತೊಳೆದ ನೀರನ್ನು ಹಾಗೇ ಮೋರಿಗೂ ಬಿಡುವಂತಿಲ್ಲ. ಅದರಲ್ಲಿ ಮೆಥನಾಲ್, ಕ್ಷಾರ ಎಲ್ಲ ಇರುತ್ತದೆ ಅಲ್ವಾ?

"ಗ್ಲಿಸರಿನ್ ಮಾರಿ ದುಡ್ಡು ಮಾಡ್ತೀರಲ್ಲ" ಅನ್ನುವವರು ಒಮ್ಮೆ ಬಂದು ಎಣ್ಣೆ ಇಂಧನವಾಗುವಾಗ ಟ್ಯಾಂಕಿನ ತಳಕ್ಕಿಳಿಯುವ ಆ ಕಂದು ಗ್ಲಿಸರಿನ್ ಗಸಿಯನ್ನು ನೋಡಿ. ಸೋಪು, ಮೆಥನಾಲ್ ಎಲ್ಲ ಬೆರೆತ ಸರಕು ಅದು. ಅಂಗಡಿಯ ಬಾಟಲಿಯ ಗ್ಲಿಸರಿನ್ ಅಲ್ಲ.

ರೆಸಿನ್ ಸೋಪನ್ನೂ ಉಳಿದ ಗ್ಲಿಸರಿನ್ನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೆಥನಾಲ್ ಹಿಡಿಯುವ ಕೆಲಸ ಅದರದಲ್ಲ. ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಮೊದಲೇ ಕಾಯಿಸಿ ಆವಿ ಮಾಡಿ, ತಣಿಸಿ ಹಿಡಿದು ಮತ್ತೆ ಬಳಸುತ್ತೇವೆ. ರೆಸಿನ್ ಸವೆದಾಗ ಬದಲಿಸಬೇಕು. ಏರಿದ ದರ ಹೋಗುವುದು ಅಲ್ಲಿಗೆ.

ಇಷ್ಟು ದಿನ ಕೊಟ್ಟದ್ದು ಕಳಪೆ ಅಂತ ದಯವಿಟ್ಟು ತಿಳಿಯಬೇಡಿ. ಯುರೋಪಿನ ಇಎನ್ 14214 ಮಾನದಂಡದ ಪ್ರಕಾರ ಒಂದು ಕಿಲೋ ಬಯೋಡೀಸೆಲ್‌ನಲ್ಲಿ ನೀರು 500 ಮಿಲಿಗ್ರಾಂ ದಾಟಬಾರದು. ಪೂರ್ತಿ ಒಣಗಿಸದೆ ಒಂದು ಕ್ಯಾನನ್ನೂ ನಾವು ಹೊರಗೆ ಕಳಿಸಿಲ್ಲ. ಇನ್ನು ಮುಂದೆ ನೀರೇ ಮುಟ್ಟಿಸುವುದಿಲ್ಲವಾದ್ದರಿಂದ ನಮಗೂ ನಿಶ್ಚಿಂತೆ.

ಆದರೂ ಅನುಮಾನ ಇದ್ದರೆ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಚಳಿಗೆ ಮಬ್ಬಾಗುವುದು ಉಂಟು. ಬಾಟಲಿಯನ್ನು ಬೆಚ್ಚಗಿನ ಜಾಗದಲ್ಲಿಟ್ಟು ಮತ್ತೆ ನೋಡಿ. ಆಗಲೂ ತಿಳಿಯಾಗದಿದ್ದರೆ ಕ್ಯಾನ್ ವಾಪಸ್ ತನ್ನಿ. ವಾದ ಮಾಡದೆ ಬದಲಿಸಿಕೊಡುತ್ತೇವೆ. ತರುವ ಖಾಲಿ ಕ್ಯಾನ್ ಮಾತ್ರ ಒಣಗಿರಲಿ.

ಇಂತಿ,
ನಿಮ್ಮ ಸಂಘದವರು