ಒಂದೂವರೆ ಪಟ್ಟು ವೇಗದಲ್ಲಿ ನೂರು ಸಿನಿಮಾ

ಗೆಳೆಯಾ,

ನಿನ್ನ ಕಾಗದ ಓದಿ ನಗುವೂ ಬಂತು, ಸಿಟ್ಟೂ ಬಂತು. ಜಗತ್ತಿನ ನೂರು ಶ್ರೇಷ್ಠ ಸಿನಿಮಾಗಳ ಪಟ್ಟಿ ಇಟ್ಟುಕೊಂಡು ಟಿಕ್ ಹಾಕುತ್ತಾ ಹೊರಟಿದ್ದೀಯ, ಹಾಕು. ಆದರೆ ಮೊದಲ ಸ್ಥಾನದಲ್ಲಿರುವ ‘ಜಾನ್ ಡೀಲ್‌ಮನ್’ ಚಿತ್ರವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ‘ಅದರಲ್ಲೇನಿದೆ ಮಣ್ಣು?’ ಅಂತ ನನ್ನನ್ನೇ ಕೇಳುತ್ತೀಯಲ್ಲ!

ಅದು 1975ರ ಸಿನಿಮಾ. ಅವಧಿ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ನಿರ್ದೇಶಕಿ ಶಾಂತಾಲ್ ಆಕರ್‌ಮನ್‌ಗೆ ಆಗಿನ್ನೂ 25 ತುಂಬಿರಲಿಲ್ಲ. ಒಬ್ಬ ವಿಧವೆ, ಅವಳ ಅಡುಗೆಮನೆ, ಮೂರು ದಿನ. ಮೊದಲ ದಿನ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ದೀಪ ಹಚ್ಚುವುದು, ಆರಿಸುವುದು, ಪಾತ್ರೆ ತೊಳೆಯುವುದು, ಎಲ್ಲ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಬಿಡುತ್ತದೆ. ಅಷ್ಟೇ. ಆದರೆ ಅವಳು ಆ ಪಾತ್ರೆ ಹಿಡಿದುಕೊಂಡೇ ಮನೆಯೊಳಗೆ ಅಲ್ಲಿಂದಿಲ್ಲಿಗೆ ಓಡಾಡುತ್ತಾಳೆ. ಅದನ್ನು ಎಲ್ಲಿ ಚೆಲ್ಲಬೇಕು ಅನ್ನುವುದೇ ಅವಳಿಗೆ ತೋಚುವುದಿಲ್ಲ. ಅಲ್ಲಿಯವರೆಗೆ ಅವಳ ಜೊತೆ ಸುಮ್ನೆ ಕೂತಿದ್ದವರಿಗೆ ಎದೆ ಧಸಕ್ ಅನ್ನುತ್ತದೆ. ಓಡಿಸಿ ನೋಡಿದವನಿಗೆ ಕಾಣುವುದು ಆಲೂಗಡ್ಡೆ ಮಾತ್ರ. ನಿನ್ನ ಟಿಕ್ ಅಳಿಸಿಬಿಡು.

ಇನ್ನು ಈ ‘ನಂಬರ್ ಒನ್’ ಅನ್ನುವುದು ಹೇಗೆ ಹುಟ್ಟುತ್ತದೆ ಕೇಳು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಶ್ರೇಷ್ಠ ಸಿನಿಮಾ ಯಾವುದೆಂದು ಮತದಾನ ನಡೆಸುತ್ತದೆ, ನಿನ್ನ ಪಟ್ಟಿ ಬಂದದ್ದು ಅಲ್ಲಿಂದಲೇ. 2022ರಲ್ಲಿ ವಿಮರ್ಶಕರು ಮೊದಲಾದ 1,639 ಮಂದಿ ಮತ ಹಾಕಿದರು. ಒಬ್ಬೊಬ್ಬರೂ ಹತ್ತು ಸಿನಿಮಾ ಹೆಸರಿಸಬೇಕು. ಆ ಹತ್ತರಲ್ಲಿ ಯಾವುದನ್ನು ಮೊದಲು ಬರೆದರೂ ಲೆಕ್ಕಕ್ಕಿಲ್ಲ, ಪ್ರತಿಯೊಂದಕ್ಕೂ ಒಂದೇ ಮತ. ಅಂದಮೇಲೆ ಮೊದಲ ಸ್ಥಾನಕ್ಕೆ ಬಂದದ್ದು ಅತಿ ಹೆಚ್ಚು ಜನರ ‘ಹತ್ತರಲ್ಲೊಂದು’. ಅವರಲ್ಲಿ ಎಷ್ಟು ಜನರಿಗೆ ಅದೇ ಅಚ್ಚುಮೆಚ್ಚೋ ಯಾರಿಗೆ ಗೊತ್ತು? ಇನ್ನೊಂದು ತಮಾಷೆ ನೋಡು. ಒಬ್ಬ ನಿರ್ದೇಶಕನ ಒಂದೇ ಸಿನಿಮಾ ಎಲ್ಲರ ಬಾಯಲ್ಲಿದ್ದರೆ ಮತಗಳೆಲ್ಲ ಅದಕ್ಕೇ ಬೀಳುತ್ತವೆ. ಆರು ಒಳ್ಳೆಯ ಸಿನಿಮಾ ಮಾಡಿದವನ ಮತ ಆರು ಕಡೆ ಹಂಚಿಹೋಗುತ್ತದೆ. ಪಾಪ, ಜಾಸ್ತಿ ದುಡಿದಿದ್ದೇ ತಪ್ಪಾಯಿತು! ಅದೇ ವರ್ಷ ಅದೇ ಪತ್ರಿಕೆ 480 ನಿರ್ದೇಶಕರನ್ನು ಬೇರೆಯಾಗಿ ಕೇಳಿತ್ತು. ಅವರ ಮೊದಲ ಆಯ್ಕೆ ‘2001: ಎ ಸ್ಪೇಸ್ ಒಡಿಸ್ಸಿ’.

ಹಳೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಮಜಾ. 1952ರಲ್ಲಿ ‘ಬೈಸಿಕಲ್ ಥೀವ್ಸ್’ ಮೊದಲು. ಆಗ ಅದು ಬಂದು ಬರೀ ನಾಲ್ಕು ವರ್ಷವಾಗಿತ್ತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೊ’. ಈ ‘ವರ್ಟಿಗೊ’ ಬಂದದ್ದು 1958ರಲ್ಲಿ. 1962 ಮತ್ತು 1972ರಲ್ಲಿ ಅದು ಮೊದಲ ಹತ್ತರಲ್ಲೇ ಇರಲಿಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1992ರಲ್ಲಿ ಆರನೇ ಸ್ಥಾನ ಹಂಚಿಕೊಂಡಿತ್ತು, 2022ರಲ್ಲಿ 35ನೇ ಸ್ಥಾನಕ್ಕಿಳಿಯಿತು. ಆ ಚಿತ್ರದಲ್ಲಿ ಮಳೆಯಲ್ಲಿ ನೆನೆಯುವ ಹುಡುಗಿ ದುರ್ಗಾಳಲ್ಲಿ ಈ ಮೂವತ್ತು ವರ್ಷದಲ್ಲಿ ಏನು ಕಮ್ಮಿಯಾಯಿತು? ಮತ ಹಾಕುವವರು ಬದಲಾದರು, ಅಷ್ಟೇ. 2012ರಲ್ಲಿ ಅವರು 846 ಮಂದಿಯಿದ್ದರು, ಮುಂದಿನ ಸಲಕ್ಕೆ ಹೆಚ್ಚುಕಮ್ಮಿ ಎರಡರಷ್ಟಾದರು. ಆಕರ್‌ಮನ್ ಗೆದ್ದಾಗ ಕೆಲವರು ‘ಇದೆಲ್ಲ ಲೆಕ್ಕಾಚಾರ’ ಅಂತ ಗೊಣಗಿದರು. ‘ಕೇನ್’ ಐದು ಸಲ ಗೆದ್ದಾಗ ಇದ್ದದ್ದೂ ಲೆಕ್ಕಾಚಾರವೇ ಅಲ್ವಾ?

ಹಾಗಂತ ಪಟ್ಟಿಯನ್ನು ಹರಿದು ಬಿಸಾಡು ಅನ್ನುತ್ತಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅನ್ನುವ ಗಾದೆಯನ್ನು ಸಿನಿಮಾ ನೋಟಕ್ಕೂ ಅನ್ವಯಿಸಿಕೊಂಡಿದ್ದೀಯ ನೀನು, ಅಷ್ಟೇ ನನ್ನ ತಕರಾರು. ಮೊಬೈಲಿನ ಆ್ಯಪ್‌ಗಳು ನಾವು ನೋಡಿದಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತವೆ. ಭಾಷೆ ಗೊತ್ತಿಲ್ಲದ, ನಟರ ಮುಖ ಗೊತ್ತಿಲ್ಲದ, ನಾವು ಹುಟ್ಟುವ ಮುಂಚಿನ ಸಿನಿಮಾದ ಹೆಸರು ಕಿವಿಗೆ ಬೀಳಬೇಕಾದರೆ ಯಾರಾದರೂ ಹೇಳಬೇಕು. ಪಟ್ಟಿ ಆ ಕೆಲಸ ಚೆನ್ನಾಗಿ ಮಾಡುತ್ತದೆ.

ನಾನು ಮಾಡುವುದು ಇಷ್ಟು. ಮೇಲಿನ ಇಪ್ಪತ್ತನ್ನು ಬಿಟ್ಟು ಬಾಲದಿಂದ ಓದುತ್ತೇನೆ. ಹೆಚ್ಚು ಕೇಳಿರದ ಹೆಸರುಗಳು ಸಿಗುವುದು ಅಲ್ಲೇ. ಆಮೇಲೆ ಒಬ್ಬೊಬ್ಬರ ಮತಪತ್ರ ನೋಡುತ್ತೇನೆ. ಈ ಸಮೀಕ್ಷೆಯಲ್ಲಿ ಯಾರು ಯಾವ ಹತ್ತು ಆರಿಸಿದರು ಅನ್ನುವುದನ್ನೂ ಪ್ರಕಟಿಸುತ್ತಾರೆ. ನನಗೆ ಪ್ರಾಣವಾದ ಎರಡು ಸಿನಿಮಾ ಯಾರ ಹತ್ತರಲ್ಲಿವೆಯೋ ಹುಡುಕಿ, ಅವರ ಉಳಿದ ಎಂಟನ್ನು ಬರೆದಿಟ್ಟುಕೊಳ್ಳುತ್ತೇನೆ. 1,639 ಜನರನ್ನು ಕೂಡಿಸಿ ಭಾಗಿಸಿದ ರುಚಿಗಿಂತ ಒಬ್ಬ ಹುಚ್ಚನ ರುಚಿ ನನಗೆ ಹೆಚ್ಚು ನಂಬಿಕೆ ಕೊಡುತ್ತದೆ. ಕೆಲವೊಮ್ಮೆ ನಿದ್ದೆ ಬರಿಸುವ ಸಿನಿಮಾವೂ ಸಿಗುತ್ತದೆ, ಸಿಗಲಿ. ನಿದ್ದೆ ಬಂದರೆ ನಿಲ್ಲಿಸಿ ನಾಳೆ ನೋಡು, ಓಡಿಸಬೇಡ.

ಈಗ ನಿನ್ನ ಹತ್ತನ್ನು ಬರೆದು ಕಳಿಸು. ಪಟ್ಟಿ ಬರೆಯಲು ಕೂತರೆ ಎಲ್ಲರೂ ಗಂಭೀರರಾಗಿಬಿಡುತ್ತಾರೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ ಸಿನಿಮಾ ಮರೆತೇಹೋಗುತ್ತದೆ. ಡೈಲಾಗ್ ಸಮೇತ ಬಾಯಿಪಾಠ ಇರುವ ಆ ಕಾಮಿಡಿಯನ್ನು ನಾಚಿಕೆಪಟ್ಟು ಬಿಟ್ಟರೆ ನಾನು ಸುಮ್ಮನಿರುವುದಿಲ್ಲ. ನನ್ನ ಒಂಬತ್ತು ತಯಾರಿವೆ. ಹತ್ತನೆಯ ಜಾಗಕ್ಕೆ ಮೂಕಿ ಚಿತ್ರಗಳ ನಗೆಗಾರರಾದ ಚಾಪ್ಲಿನ್ ಮತ್ತು ಕೀಟನ್ ಇನ್ನೂ ಜಗಳ ಆಡುತ್ತಿದ್ದಾರೆ.

ಇಂತಿ,
ನಿನ್ನ ಗೆಳೆಯ