ಸಹಿ ಅಲ್ಲೇ ಹೋಗಿ ಹಾಕು, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಮನೆ ಮಾರುವ ಕೆಲಸಕ್ಕೆ ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ, ಅಂದರೆ ನಿನ್ನ ಪರವಾಗಿ ಕೆಲಸ ಮಾಡಲು ಅಧಿಕಾರ ಪತ್ರ, ಮಾಡಿಕೊಡುತ್ತಿದ್ದೇನೆ ಅಂತ ನೀನು ಬರೆದಿದ್ದೆ. ಒಳ್ಳೆಯದೇ. ಆದರೆ ಕೊನೆಯಲ್ಲಿ "ಸಹಿ ಹಾಕಿಟ್ಟಿದ್ದೇನೆ, ನೋಟರಿ ಸೀಲು ಒಂದು ಬಿದ್ದರೆ ಆಯಿತು" ಅಂತಲೂ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ಆ ಪ್ರತಿಯನ್ನು ಹರಿದು ಹಾಕು. ಸಹಿ ಮಾಡಿದ ಅಧಿಕಾರ ಪತ್ರ ಮನೆಯಲ್ಲಿ ಹಾಗೇ ಬಿದ್ದಿರಬಾರದು. ಹೊಸ ಪ್ರಿಂಟ್ ತೆಗೆಸು, ಸಹಿಯ ಜಾಗ ಖಾಲಿ ಬಿಟ್ಟುಕೊಂಡು ನೋಟರಿ ಹತ್ತಿರ ಹೋಗು. ಎದುರಿಗೆ ಬಂದಿರುವವಳು ನೀನೇ, ಯಾರ ಬಲವಂತವೂ ಇಲ್ಲದೆ ತಿಳಿದೇ ಸಹಿ ಹಾಕುತ್ತಿದ್ದೀಯ ಅಂತ ನೋಡಿಕೊಳ್ಳುವುದೇ ಅವರ ಕೆಲಸ. ಮನೆಯಲ್ಲಿ ಹಾಕಿದ ಸಹಿಗೆ ಅವರು ಹೇಗೆ ಸಾಕ್ಷಿ ಆಗುತ್ತಾರೆ ಹೇಳು? ಮೊದಲೇ ಹಾಕಿದ ಸಹಿಯನ್ನು "ಇದು ನನ್ನದೇ" ಎಂದು ಎದುರು ನಿಂತು ಒಪ್ಪಿಕೊಂಡರೂ ಕೆಲವು ಕಡೆ ನಡೆಯುತ್ತದೆ. ಆದರೂ ನೀನು ಅವರ ಕಣ್ಣೆದುರೇ ಹಾಕು. ಇನ್ನು, "ನೀವು ಬರುವುದೇ ಬೇಡ, ಕಾಗದ ಕಳಿಸಿ, ಸೀಲು ಹಾಕಿ ಕೊಡುತ್ತೇವೆ" ಅಂತ ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡ. ನಾಳೆ ತಕರಾರು ಬಂದರೆ ಅಂಥ ಕಾಗದ ನಿಲ್ಲುವುದಿಲ್ಲ.

ಈಗ ಮುಖ್ಯ ಮಾತು. ಸೀಲು ಬಿದ್ದ ಕಾಗದ ನೋಡಿದರೆ ಎಲ್ಲ ಸರಿಯಾಗಿದೆ, ಯಾರೋ ಪರಿಶೀಲಿಸಿದ್ದಾರೆ ಅನ್ನಿಸುತ್ತದೆ. ಅದು ತಪ್ಪು. ಫ್ರಾನ್ಸ್, ಜರ್ಮನಿಯಂಥ ದೇಶಗಳಲ್ಲಿ ನೋಟರಿ ಅಂದರೆ ಕಾನೂನು ಓದಿದವರು. ಅವರೇ ಪತ್ರ ಬರೆಯುತ್ತಾರೆ, ಅದರ ಅರ್ಥ ವಿವರಿಸುತ್ತಾರೆ. ಅಮೆರಿಕದಲ್ಲಿ ನೋಟರಿ ಆಗಲು ವಕೀಲರೇ ಆಗಿರಬೇಕೆಂದಿಲ್ಲ. ವಕೀಲರಲ್ಲದವರು ನಿನಗೆ ಕಾನೂನು ಸಲಹೆ ಕೊಡುವ ಹಾಗೂ ಇಲ್ಲ. ಅಂಥ ಕಡೆ ಸೀಲು ಹೇಳುವುದು ಸಹಿ ಯಾರದು ಎಂಬುದನ್ನು ಮಾತ್ರ. ಒಳಗೆ ಬರೆದಿರುವುದು ನಿನಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಹೇಳುವುದಿಲ್ಲ. ಅದನ್ನು ನೀನೇ ಓದಿ ತಿಳಿಯಬೇಕು, ಗೊತ್ತಾಗದಿದ್ದರೆ ವಕೀಲರ ಹತ್ತಿರ ಓದಿಸಬೇಕು.

ನೀನು ಕಳಿಸಿದ ಕರಡನ್ನು ನಾನು ಪೆನ್ಸಿಲ್ ಹಿಡಿದು ಓದಿದೆ. ಎರಡನೇ ಪುಟದಲ್ಲಿ ಒಂದು ಉದ್ದನೆಯ ವಾಕ್ಯ ಇದೆ. "ಮಾರಲು, ಅಡವಿಡಲು, ಬಾಡಿಗೆಗೆ ಕೊಡಲು, ದಾನ ಮಾಡಲು, ಸಾಲ ಪಡೆಯಲು ಮತ್ತು ಇತರ ಎಲ್ಲ ವ್ಯವಹಾರಗಳನ್ನು ಮಾಡಲು" ಅಂತ. ನಿನಗೆ ಬೇಕಾಗಿರುವುದು ಮಾರುವುದು ಒಂದೇ ಅಲ್ವಾ? ಹಾಗಿದ್ದರೆ ದಾನ ಯಾಕೆ, ಸಾಲ ಯಾಕೆ? ಇದು ಯಾವುದೋ ಹಳೆಯ ಪತ್ರದಿಂದ ಎತ್ತಿ ಅಂಟಿಸಿದ್ದು. ಒಂದೇ ಕೆಲಸ ಇರುವಾಗ ಆ ಕೆಲಸಕ್ಕೆ ಮಾತ್ರ ಅಧಿಕಾರ ಕೊಡು. ಯಾವ ಮನೆ, ಕಡಿಮೆ ಅಂದರೆ ಎಷ್ಟು ಬೆಲೆಗೆ, ಹಣ ಯಾರ ಖಾತೆಗೆ ಬರಬೇಕು, ಯಾವ ತಾರೀಖಿನವರೆಗೆ ಈ ಅಧಿಕಾರ, ಇಷ್ಟನ್ನೂ ಬಿಡಿಸಿ ಬರೆಸು. ಅಣ್ಣ ತನ್ನ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಬಹುದೋ ಇಲ್ಲವೋ ಎಂಬುದನ್ನೂ ಬರೆಸು. ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಅಣ್ಣನ ಮೇಲೆ ಅನುಮಾನ ಅಂತ ತಿಳಿಯಬೇಡ. ಅವನನ್ನು ಎತ್ತಿ ಆಡಿಸಿದವಳು ನಾನು. ನಾಳೆ ಯಾರಾದರೂ "ಅಷ್ಟು ಕಡಿಮೆಗೆ ಯಾಕೆ ಮಾರಿದೆ" ಅಂತ ಕೇಳಿದರೆ, ತಂಗಿ ಬರೆದುಕೊಟ್ಟ ಬೆಲೆ ಇದು ಅಂತ ತೋರಿಸಲು ಅವನ ಕೈಯಲ್ಲೂ ಏನಾದರೂ ಇರಬೇಕು.

ಇನ್ನೊಂದು ವಿಷಯ, ನಿನಗೆ ಪೂರ್ತಿ ಗೊತ್ತಿಲ್ಲದ್ದು. ನಿನ್ನ ದೊಡ್ಡಪ್ಪ ಹಾಸಿಗೆ ಹಿಡಿದಾಗ ಬ್ಯಾಂಕಿನ ಕೆಲಸಕ್ಕೆ ನನ್ನ ಹೆಸರಿಗೆ ಅಧಿಕಾರ ಪತ್ರ ಮಾಡಿದರು. ನೋಟರಿ ಮನೆಗೇ ಬಂದಿದ್ದರು. ಬಂದವರೇ ನನ್ನನ್ನು ರೂಮಿನಿಂದ ಆಚೆ ಹೋಗಲು ಹೇಳಿದರು. ಅಷ್ಟು ವರ್ಷ ಸಂಸಾರ ಮಾಡಿದ ನನ್ನನ್ನೇ ಹೊರಗೆ ಕಳಿಸಿದರಲ್ಲ ಅಂತ ಮನಸ್ಸಿಗೆ ನೋವಾಯಿತು. ಬಾಗಿಲ ಸಂದಿಯಿಂದ ಅವರ ಮಾತು ಕೇಳುತ್ತಿತ್ತು. "ಇದು ಏನು ಕಾಗದ ಹೇಳಿ. ಯಾರಿಗೆ ಕೊಡುತ್ತಿದ್ದೀರಿ? ಯಾರಾದರೂ ಹೆದರಿಸಿದರಾ?" ದೊಡ್ಡಪ್ಪ ನಿಧಾನವಾಗಿ ಒಂದೊಂದಕ್ಕೂ ಉತ್ತರ ಕೊಟ್ಟರು. ಆಮೇಲೆ ಬಾಗಿಲು ತೆರೆದಾಗ ಅವರ ಕೈ ನಡುಗುತ್ತಿತ್ತು. ಆದರೂ ಪ್ರತಿ ಪುಟದ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದರು. ಆ ನೋಟರಿ ಮಾಡಿದ್ದು ಸರಿ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ನಿನ್ನನ್ನೂ ಹಾಗೆ ಒಬ್ಬಳನ್ನೇ ಕೂರಿಸಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡ.

ಕಷ್ಟ ಬಂದಿದ್ದು ಮರುವರ್ಷ. ದೊಡ್ಡಪ್ಪನಿಗೆ ಮರೆವು ಜಾಸ್ತಿ ಆಯಿತು, ನನ್ನ ಗುರುತೂ ಸಿಗದ ಹಾಗಾಯಿತು. ಆಗ ಬ್ಯಾಂಕಿನವರು ಈ ಪತ್ರ ಇನ್ನು ನಡೆಯುವುದಿಲ್ಲ ಅಂದುಬಿಟ್ಟರು. ಎಷ್ಟೋ ದೇಶಗಳಲ್ಲಿ, ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಮಾಮೂಲಿ ಅಧಿಕಾರ ಪತ್ರ ಅಲ್ಲಿಗೇ ನಿಲ್ಲುತ್ತದೆ. ಆಮೇಲೂ ಮುಂದುವರಿಯುತ್ತದೆ ಅಂತ ಪತ್ರದಲ್ಲೇ ಬರೆಸಲು ಕೆಲವು ಕಡೆ ಅವಕಾಶ ಇದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಬೇರೆ ಫಾರಂ ಇದೆ, ನೋಂದಣಿ ಆಗದೆ ಅದನ್ನು ಬಳಸುವ ಹಾಗಿಲ್ಲ. ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಔಷಧಿಗೆ ಅಂತ ಇಟ್ಟ ಹಣ ಖಾತೆಯಲ್ಲೇ ಇತ್ತು, ನಾನು ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೆ. ನಿನ್ನದು ಮನೆ ಮಾರುವ ಪತ್ರ, ಇದು ಬೇಕಾಗಲಿಕ್ಕಿಲ್ಲ. ಆದರೆ ಅಪ್ಪ ಅಮ್ಮನಿಗೆ ಮಾಡಿಸುವಾಗ ಇದನ್ನು ಮೊದಲು ಕೇಳು.

ಕರಡು ತಿದ್ದಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಪತ್ರ ತೆಗೆದುಕೊಳ್ಳುವವರು ಯಾರು? ಆಸ್ತಿ ನೋಂದಣಿ ಕಚೇರಿ, ಬ್ಯಾಂಕು. ಅವರನ್ನೇ ಮೊದಲು ವಿಚಾರಿಸು. ಆಸ್ತಿ ವಿಷಯಕ್ಕೆ ನೋಟರಿ ಒಂದೇ ಸಾಲದೆ ನೋಂದಣಿಯೂ ಬೇಕು ಅನ್ನುವ ಕಡೆ ಇದೆ. ತಮ್ಮದೇ ಫಾರಂ ಬೇಕು ಅನ್ನುವ ಬ್ಯಾಂಕುಗಳಿವೆ. ಮನೆ ಇರುವುದು ಒಂದು ದೇಶ, ನೀನು ಸಹಿ ಹಾಕುವುದು ಇನ್ನೊಂದು ದೇಶ. ಹಾಗಾಗಿ ಅಪೊಸ್ಟಿಲ್ ಕೂಡ ಬೇಕಾಗಬಹುದು. ಅದು 1961ರ ಹೇಗ್ ಒಪ್ಪಂದದ ಪ್ರಕಾರ ಸರ್ಕಾರ ಅಂಟಿಸುವ ಒಂದು ಪ್ರಮಾಣ ಪತ್ರ. ಎರಡೂ ದೇಶಗಳು ಆ ಒಪ್ಪಂದದಲ್ಲಿದ್ದರೆ ಸಾಮಾನ್ಯವಾಗಿ ಅದೊಂದೇ ಸಾಕು. ಇಲ್ಲದಿದ್ದರೆ ವಿದೇಶಾಂಗ ಇಲಾಖೆ, ಆಮೇಲೆ ರಾಯಭಾರ ಕಚೇರಿ ಅಂತ ಒಂದೊಂದೇ ಬಾಗಿಲು ಹತ್ತಬೇಕು. ನೆನಪಿಡು, ಅಪೊಸ್ಟಿಲ್ ಕೂಡ ನೋಟರಿಯ ಸಹಿ, ಸೀಲು ಅಸಲಿ ಅಂತ ಮಾತ್ರ ಹೇಳುತ್ತದೆ. ಪತ್ರದ ಒಳಗಿನ ಮಾತಿಗೆ ಅದೂ ಹೊಣೆಯಲ್ಲ.

ಹೋಗುವ ದಿನ ಪಾಸ್‌ಪೋರ್ಟಿನ ಅಸಲು ಪ್ರತಿ ಇಟ್ಟುಕೋ, ಜೆರಾಕ್ಸ್ ನಡೆಯುವುದಿಲ್ಲ. ಅವಧಿ ಮುಗಿದಿದೆಯಾ ನೋಡು. ಪತ್ರದಲ್ಲಿ ನಿನ್ನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಇರಲಿ. ಕರಡಿನಲ್ಲಿ ಮೂರು ಕಡೆ ಮೂರು ಥರ ಇದೆ. ಖಾಲಿ ಬಿಟ್ಟ ಜಾಗ ಇದ್ದರೆ ಗೆರೆ ಎಳೆದು ಮುಚ್ಚು. ತಿದ್ದಿದ ಕಡೆ ಚಿಕ್ಕ ಸಹಿ ಹಾಕು. ಸಾಕ್ಷಿ ಬೇಕಾದರೆ ಮನೆಯವರನ್ನು ಬಿಟ್ಟು ಬೇರೆಯವರನ್ನು ಕರೆದುಕೊಂಡು ಹೋಗು. ನೋಟರಿ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಆ ಕ್ರಮಸಂಖ್ಯೆ ಗುರುತು ಮಾಡಿಕೋ.

ಮನೆ ಮಾರಿದ ಮೇಲೆ ಅಸಲು ಪತ್ರ ಅಣ್ಣನಿಂದ ವಾಪಸ್ ತೆಗೆದುಕೋ. ಮಧ್ಯದಲ್ಲೇ ಬೇಡ ಅನ್ನಿಸಿದರೆ ಬಾಯಿ ಮಾತಿನಲ್ಲಿ ಹೇಳಿ ಬಿಡಬೇಡ. ರದ್ದು ಪತ್ರ ಬರೆದು ಅದನ್ನೂ ನೋಟರಿ ಮಾಡಿಸಿ, ಅಣ್ಣನಿಗೂ ಬ್ಯಾಂಕಿಗೂ ನೋಂದಣಿ ಕಚೇರಿಗೂ ಕಳಿಸಬೇಕು. ರದ್ದಾಗಿದ್ದು ಗೊತ್ತಿಲ್ಲದೆ ಯಾರಾದರೂ ಹಣ ಕೊಟ್ಟಿದ್ದರೆ ಆ ವ್ಯವಹಾರ ನಿನ್ನ ತಲೆಗೇ ಬರಬಹುದು.

ಪೆನ್ಸಿಲ್ ಗುರುತು ಹಾಕಿದ ಕರಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ವಕೀಲರಿಗೆ ತೋರಿಸು. ಅವರು ಬದಲಾಯಿಸಿದ ಪ್ರತಿಯನ್ನು ಸಹಿಗೆ ಹೋಗುವ ಮುಂಚೆ ನನಗೊಮ್ಮೆ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಕೂತು ಓದಿ ಬೆಳಗ್ಗೆ ಫೋನ್ ಮಾಡುತ್ತೇನೆ.

ನಿನ್ನ
ದೊಡ್ಡಮ್ಮ