ಬಿಲ್ಲಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಉಂಟು, ಕಾರಿನಲ್ಲಿ ಆಗಿಲ್ಲ

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,
(ಕಾಪಿ: ಮಂಗಳೂರಿನ ಶೋರೂಮ್ ಮತ್ತು ಕಾಸರಗೋಡಿನ ಸರ್ವಿಸ್ ಸೆಂಟರ್)

ನಮಸ್ಕಾರ ಸರ್,

ನಮ್ಮದು ಕೆಎಲ್ 14 ರಿಜಿಸ್ಟ್ರೇಶನ್ನಿನ ಪೆಟ್ರೋಲ್ ಕಾರು, ಅಪ್ಪನ ಹೆಸರಲ್ಲಿ ಇರುದು, ತೆಗೆದದ್ದು ಮಂಗಳೂರಿನ ನಿಮ್ಮ ಶೋರೂಮಿನಿಂದ, ಸರ್ವಿಸ್ ಮಾಡಿಸುದು ಕಾಸರಗೋಡಿನಲ್ಲಿ. ವಾರಂಟಿ ಇನ್ನೂ ಉಂಟು. ಚಾಸಿ ನಂಬರ್, ಬಿಲ್ಲು, ಸ್ಕ್ರೀನ್‌ಶಾಟ್ ಎಲ್ಲ ಇದರ ಜೊತೆ ಕಳಿಸಿದ್ದೇನೆ, ದಯವಿಟ್ಟು ಅದನ್ನು ತೆರೆದು ನೋಡಿಯೇ ಉತ್ತರ ಬರೀರಿ.

ಸಮಸ್ಯೆ ಎಂತ ಅಂದ್ರೆ ಸೆಕೆಂಡ್ ಗೇರಲ್ಲಿ ಏರು ಹತ್ತುವಾಗ ಎಕ್ಸಲೇಟರ್ ಒತ್ತಿದ್ರೆ ಗಾಡಿ ಒಂದು ಗಳಿಗೆ ಸತ್ತ ಹಾಗೆ ಆಗ್ತದೆ, ಆಮೇಲೆ ಒಮ್ಮೆಲೆ ಎಳಿತದೆ. ಚೆರ್ಕಳ-ಕಲ್ಲಡ್ಕ ರೋಡಲ್ಲಿ ಪೆರ್ಲದ ಕಡೆ ಓಡಾಡಿದವರಿಗೆ ಆ ಏರು ತಿರುವು ಗೊತ್ತುಂಟು, ಹಿಂದೆ ಬಸ್ಸು ಅಂಟಿಕೊಂಡು ಬರ್ತಾ ಇರುವಾಗ ಹೀಗಾದ್ರೆ ಎದೆ ಧಸಕ್ ಅಂತದೆ. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರೇ, ಅಪ್ಪನನ್ನು ಚೆಕಪ್ಪಿಗೆ ಕರ್ಕೊಂಡು ಹೋಗುದು ಇದೇ ಕಾರಲ್ಲಿ.

ಸ್ಪಾರ್ಕ್ ಪ್ಲಗ್ಗು ನೋಡಿದ್ರು, ಇಂಜಿನ್ನಿಗೆ ಗಾಳಿ ಬಿಡುವ ತ್ರೋಟಲ್ ಬಾಡಿ ಕ್ಲೀನ್ ಮಾಡಿದ್ರು, ಸರಿ ಆಗಲಿಲ್ಲ. ಆಮೇಲೆ ನಿಮ್ಮ ಸರ್ವಿಸ್ ಅಡ್ವೈಸರೇ ಹೇಳಿದ್ದು, ಇದು ಸಾಫ್ಟ್‌ವೇರಿದ್ದು, ಇದೇ ಕಂಪ್ಲೇಂಟಿಗೆ ಕಂಪನಿಯಿಂದ ಹೊಸದು ಬಂದಿದೆ, ಹಾಕಿ ಕೊಡ್ತೇವೆ ಅಂತ. ಬೆಳಿಗ್ಗೆ ಬಿಟ್ಟು ಸಂಜೆ ತಕೊಂಡು ಬಂದೆ, ಬಿಲ್ಲಲ್ಲಿ ಇಂಜಿನ್ ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಬರೆದು ಲೇಬರ್ ಚಾರ್ಜ್ ಬೇರೆ ಹಾಕಿದ್ದಾರೆ, ವಾರಂಟಿ ಇರುವ ಗಾಡಿಗೆ! ಮರುದಿನ ಅದೇ ಏರಲ್ಲಿ ಅದೇ ಕಥೆ.

ಗಾಡಿ ಬಿಡುವ ಮೊದಲು ನಾನು ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಬ್ಲೂಟೂತ್ ಡಾಂಗಲ್ ಅನ್ನುವ ಸಣ್ಣ ಸಾಧನ ಹಾಕಿ ಇಂಜಿನ್ ಸಾಫ್ಟ್‌ವೇರಿನ ನಂಬರ್ ಫೋನಲ್ಲಿ ಓದಿ ಇಟ್ಟಿದ್ದೆ. ಇಂಜಿನ್ ಕಂಪ್ಯೂಟರ್ ತನ್ನೊಳಗೆ ಯಾವ ಸಾಫ್ಟ್‌ವೇರ್ ಉಂಟು ಅಂತ ಕ್ಯಾಲಿಬ್ರೇಶನ್ ಐಡಿ ಅನ್ನುವ ನಂಬರಲ್ಲಿ ಹೇಳ್ತದೆ, ಜೊತೆಗೆ ಸಿವಿಎನ್ ಅಂತ ಒಂದು ಚೆಕ್ ನಂಬರ್, ಸಾಫ್ಟ್‌ವೇರ್ ಬದಲಾದ್ರೆ ಅದೂ ಬದಲಾಗ್ಲೇಬೇಕು. ಗಾಡಿ ವಾಪಸ್ ಬಂದ ಮೇಲೆ ಪುನಃ ಓದಿದೆ, ಎರಡೂ ನಂಬರ್ ಮೊದಲು ಇದ್ದದ್ದೇ. ಬದಿಯಡ್ಕದಲ್ಲಿ ನಮ್ಮ ನೆಂಟರದ್ದು ಇದೇ ಮಾಡಲ್, ಇದೇ ವರ್ಷದ್ದು, ಅದರಲ್ಲಿ ಬೇರೆ ಐಡಿ ಉಂಟು, ಆ ಗಾಡಿಗೆ ಈ ತೊಂದರೆಯೂ ಇಲ್ಲ. ಹಾಗಾದ್ರೆ ನೀವು ಅಪ್‌ಡೇಟ್ ಮಾಡಿದ್ದು ಎಂತ?

ಇದನ್ನು ತೋರಿಸಿದಾಗ ಡಿಸ್‌ಪ್ಲೇಯಲ್ಲಿ ಸಿಸ್ಟಮ್ ಅಪ್ ಟು ಡೇಟ್ ಅಂತ ಬರ್ತದಲ್ಲ ಅಂದ್ರು. ಅದು ಹಾಡು, ಮ್ಯಾಪು, ಕ್ಯಾಮರಾ ನೋಡುವ ಸ್ಕ್ರೀನಿನ ವರ್ಶನ್, ಇಂಜಿನ್ ಕಂಪ್ಯೂಟರೇ ಬೇರೆ, ಇದು ಸರ್ವಿಸ್ ಸೆಂಟರಿನವರಿಗೆ ನಾನು ಹೇಳ್ಬೇಕಾ? ಮತ್ತೆ ಡಾಂಗಲ್ ಹಾಕಿದ್ರೆ ವಾರಂಟಿ ಹೋಗ್ತದೆ ಅಂತ ಹೆದರಿಸಿದ್ರು. ನಂಬರ್ ಓದುವುದರಿಂದ ಒಳಗೆ ಏನೂ ಬರೆದು ಹೋಗುದಿಲ್ಲ, ವಾರಂಟಿ ಬುಕ್ಕಿನ ಯಾವ ಪುಟದಲ್ಲಿ ಹಾಗೆ ಉಂಟು ಅಂತ ತೋರಿಸಿ. ಆಮೇಲೆ ಕಾಸರಗೋಡಿನವರು ಈ ಚಾಸಿ ನಂಬರಿಗೆ ನಮ್ಮ ಸಿಸ್ಟಮಲ್ಲಿ ಅಪ್‌ಡೇಟೇ ತೋರಿಸುದಿಲ್ಲ, ಗಾಡಿ ತೆಗೆದಲ್ಲಿ ಕೇಳಿ ಅಂದ್ರು, ಮಂಗಳೂರಿನವರು ಕೇರಳದ ಗಾಡಿ, ಅಲ್ಲಿಯೇ ಕೇಳಿ ಅಂದ್ರು. ತೋರಿಸದೇ ಇದ್ದದ್ದನ್ನು ಬಿಲ್ಲಿಗೆ ಹಾಕಿದ್ದು ಹೇಗೆ ಸರ್? ಕರ್ನಾಟಕ-ಕೇರಳದ ಮಧ್ಯದ ತಲಪಾಡಿ ಗಡಿ ಕಾರಿಗೆ ಗೊತ್ತುಂಟಾ?

ಇನ್ನೊಂದು ಹೆದರಿಕೆಯೂ ಉಂಟು. ಇಂಜಿನ್ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬರೆಯುವಾಗ ಬ್ಯಾಟರಿ ವೋಲ್ಟೇಜ್ ಇಳಿಯಬಾರದು, ಅದಕ್ಕೇ ಸಪೋರ್ಟ್ ಚಾರ್ಜರ್ ಇಟ್ಟು ಮಾಡುದು, ಅರ್ಧದಲ್ಲಿ ನಿಂತ್ರೆ ಗಾಡಿ ಸ್ಟಾರ್ಟೇ ಆಗದ ಹಾಗೂ ಆಗಬಹುದು. ಚಾರ್ಜರ್ ಉಂಟಾ ಅಂತ ಕೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡ್ಲಿಲ್ಲ. ಅರ್ಧ ಮಾಡಿ ಬಿಟ್ಟಿದ್ದಾರಾ, ಕೈಯೇ ಹಾಕ್ಲಿಲ್ವಾ, ನನಗೆ ಅದು ಗೊತ್ತಾಗ್ಬೇಕು.

ನಿಮ್ಮ ಹೆಲ್ಪ್‌ಲೈನಿಂದ ಅಪ್ಪನಿಗೆ ಫೋನ್ ಬಂದ್ರೆ ಬರೀ ಮಲಯಾಳಂ. ಕನ್ನಡದವರಿಗೆ ಕೊಡಿ ಅಂದ್ರೆ ಅಡ್ರೆಸ್ ಕೇರಳ ಇರುವುದರಿಂದ ಆಗುದಿಲ್ಲ ಅಂತಾರೆ. ನನಗೆ ಮಲಯಾಳಂ ಬರ್ತದೆ, ಅಪ್ಪನಿಗೆ ಬರುದಿಲ್ಲ, ಮತ್ತು ನೀವು ಮಾಲಕರ ಹತ್ರವೇ ಮಾತಾಡ್ಬೇಕು ಅಂತ ಹಟ ಹಿಡಿತೀರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ಅಂತ ಇಲ್ಲಿಯ ಕನ್ನಡದವರು ಎಲ್ಲಿಗೂ ಹೋಗಿಲ್ಲ ಸರ್, ಇಲ್ಲಿಯೇ ಇದ್ದೇವೆ, ನಿಮ್ಮ ಕಾರು ತಕೊಳ್ತೇವೆ.

ಯುರೋಪಿನಲ್ಲಿ ವಿಶ್ವಸಂಸ್ಥೆಯ ಆರ್156 ನಿಯಮ 2024 ಜುಲೈಯಿಂದ ಹೊಸ ಕಾರುಗಳೆಲ್ಲಕ್ಕೂ ಬಂದಿದೆ, ಯಾವ ಗಾಡಿಯಲ್ಲಿ ಯಾವ ಸಾಫ್ಟ್‌ವೇರ್ ಉಂಟು ಅಂತ ಕಂಪನಿ ಲೆಕ್ಕ ಇಡ್ಲೇಬೇಕು. ಅಲ್ಲಿ ಕಾರು ಮಾರುವ ನಿಮಗೆ ಈ ಲೆಕ್ಕ ಇಡ್ಲಿಕ್ಕೆ ಬರುದಿಲ್ಲ ಅಂತ ನಾನು ನಂಬುದಿಲ್ಲ.

ನನಗೆ ಬೇಕಾದ್ದು ಇಷ್ಟೇ. ನಮ್ಮ ಚಾಸಿ ನಂಬರಿಗೆ ಅಪ್‌ಡೇಟ್ ಉಂಟಾ ಇಲ್ವಾ, ಇದ್ರೆ ಅದರಲ್ಲಿ ಎಂತ ಸರಿ ಮಾಡಿದ್ದಾರೆ ಅಂತ ಬರಹದಲ್ಲಿ ಕೊಡಿ. ಉಂಟು ಅಂತಾದ್ರೆ ಚಾರ್ಜರ್ ಇಟ್ಟು, ಮೊದಲಿನ ಮತ್ತು ನಂತರದ ಕ್ಯಾಲಿಬ್ರೇಶನ್ ಐಡಿ, ಸಿವಿಎನ್ ಎರಡನ್ನೂ ಜಾಬ್ ಕಾರ್ಡಲ್ಲಿ ಬರೆದು, ನನ್ನ ಎದುರೇ ಮಾಡಿ. ಮಾಡದ ಕೆಲಸಕ್ಕೆ ತಕೊಂಡ ಹಣ ವಾಪಸ್ ಕೊಡಿ. 15 ದಿವಸದೊಳಗೆ ಉತ್ತರ ಬಾರದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕೊಟ್ಟು, ಅಲ್ಲಿಯೂ ಆಗದಿದ್ರೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಹೋಗ್ತೇನೆ, 2019ರ ಕಾಯ್ದೆಯಲ್ಲಿ ನಾವು ಇರುವ ಊರಲ್ಲೇ ಕೇಸು ಹಾಕ್ಲಿಕ್ಕೆ ಆಗ್ತದೆ.

ಫೋನ್ ಮಾಡುದಾದ್ರೆ ಕನ್ನಡ ಬರುವವರ ಕೈಯಲ್ಲಿ ಮಾಡಿಸಿ, ಸಂಜೆ 5ರ ನಂತರ ಅಪ್ಪ ಮನೆಯಲ್ಲೇ ಇರ್ತಾರೆ.

ಇಂತಿ,
ಕಾರಿನ ಮಾಲಕರ ಪರವಾಗಿ ಮಗ
ಪೆರ್ಲ, ಕಾಸರಗೋಡು ಜಿಲ್ಲೆ